ಬಿಲ್ಲು ಅಳಿಸುವ ಮುನ್ನ

ನಮ್ಮೂರಿನಲ್ಲಿ ಕಟ್ಟಿದ್ದು ಯಾವುದೇ ಇರಲಿ, ಅದರ ಬಿಲ್ಲು, ಅಂದರೆ ಕಟ್ಟಿದವರು ಬರೆದ ಲೆಕ್ಕದ ಚೀಟಿ, ಇರುವ ತನಕ ನಿಲ್ಲುತ್ತದೆ. ಬಿಲ್ಲು ಹೋದ ಗಳಿಗೆ ಅದೂ ಹೋಗುತ್ತದೆ. ಮುರಿಯುವುದಿಲ್ಲ, ಧೂಳೂ ಏಳುವುದಿಲ್ಲ. ಇದ್ದ ಜಾಗದಲ್ಲಿ ಇರುವುದಿಲ್ಲ, ಅಷ್ಟೇ. ಬೀಳುವುದು ಅದರ ಮೇಲೆ ನಿಂತದ್ದು, ಯಾಕೆಂದರೆ ಅದಕ್ಕೆ ಬೇರೆ ಬಿಲ್ಲು ಇರುತ್ತದೆ. ನಮ್ಮಜ್ಜಿ ಸಣ್ಣವಳಿದ್ದಾಗ ಒಬ್ಬ ಗುತ್ತಿಗೆದಾರನ ಬಿಲ್ಲಿನ ಪೆಟ್ಟಿಗೆಗೆ ಗೆದ್ದಲು ಹತ್ತಿ, ಒಂದು ಓಣಿಯ ಮೆಟ್ಟಿಲುಗಳೆಲ್ಲ ಒಂದೇ ಮಳೆಗಾಲದಲ್ಲಿ ಹೋದವಂತೆ. ಆ ಓಣಿಯವರು ಇವತ್ತಿಗೂ ಮನೆಯಿಂದ ಹೊರಬೀಳುವಾಗ ಕಾಲಿನಿಂದ ತಡವಿ ನೋಡಿಯೇ ಹೆಜ್ಜೆ ಇಡುತ್ತಾರೆ.

ಜನ ಹೊಂದಿಕೊಂಡಿದ್ದಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಹುಡುಗನ ನೌಕರಿ ಕೇಳುವ ಮೊದಲು ಮಾಳಿಗೆಯ ಬಿಲ್ಲು ಕೇಳುತ್ತಾರೆ. ಗೋಡೆಗೆ ಒರಗುವ ಮುನ್ನ ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಬೇರೆ ಊರಿಗೆ ಹೋದಾಗ ನಮ್ಮವರನ್ನು ಅದರಿಂದಲೇ ಗುರುತು ಹಿಡಿಯಬಹುದು. ಕಟ್ಟುವ ಕೆಲಸದ ಗೌಂಡಿಗಳು ಯಾವ ಕೆಲಸಕ್ಕೂ ಒಂದೇ ಬಿಲ್ಲು ಬರೆಯುವುದಿಲ್ಲ. ಕೆಲಸವನ್ನು ಸರಿಯಾಗಿ ಎರಡು ಪಾಲು ಮಾಡಿ ಎರಡು ಬಿಲ್ಲು ಬರೆಯುತ್ತಾರೆ. ಒಂದಕ್ಕೆ ಗೆದ್ದಲು ಹತ್ತಿದರೂ ಅರ್ಧವಾದರೂ ಉಳಿಯಲಿ ಎಂದು. ಇದಕ್ಕೆ ಜೋಡಿ ಬಿಲ್ಲು ಎನ್ನುತ್ತಾರೆ. ಎರಡರ ನಡುವೆ ಒಂದಕ್ಷರದ ವ್ಯತ್ಯಾಸವೂ ಇರಬಾರದೆಂಬುದು ಗೌಂಡಿಗಳ ಹಟ. ಯಾವ ಪಾಲು ಮೇಲು, ಯಾವ ಪಾಲು ಕೀಳು ಎಂಬ ಮಾತು ಬರಬಾರದಂತೆ. ಗೋಡೆಗೆ, ತಗಡಿನ ಚಾವಣಿಗೆ ಇದು ಒಳ್ಳೆಯ ಉಪಾಯವೇ. ಕಂಬಗಳಿಗೆ ಉಪಯೋಗವಿಲ್ಲ, ಅರ್ಧ ಕಂಬಗಳ ಮೇಲೆ ಸ್ಲ್ಯಾಬ್ ನಿಲ್ಲುವುದಿಲ್ಲ. ಆದರೂ ಕಂಬಗಳಿಗೂ ಜೋಡಿ ಬಿಲ್ಲೇ ಬರೆಯುತ್ತಾರೆ. ರೂಢಿ ಎಂದರೆ ಹಾಗೆಯೇ.

ಕೆಲವೊಮ್ಮೆ ಬೇಕೆಂದೇ ಬಿಲ್ಲು ತೆಗೆಯಬೇಕಾಗುತ್ತದೆ. ಹಳೇ ಕಟ್ಟಡ ಕೆಡವಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಆ ಕೆಲಸ ಚಮನಸಾಬನದಾಗಿತ್ತು. ಅವನು ಕಬ್ಬಿಣದ ಸಲಾಕೆ ಹಿಡಿದು ಜಾಗಕ್ಕೆ ಹೋಗಿ, ಗೋಡೆಗೋ ಕಂಬಕ್ಕೋ ಬಡಿದು, “ಯಾರರ ಅದೀರೇನ್ರೀ?” ಎಂದು ಕೂಗುತ್ತಿದ್ದ. ಒಳಗಿದ್ದವರು, ಮೇಲಿದ್ದವರು, ಕೆಳಗಿದ್ದವರು, ಬಚ್ಚಲಲ್ಲಿದ್ದವರು ಕೂಡ “ಅದೀನಿ” ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಅವರು ಹೊರಗೆ ಬರುವ ತನಕ ಕಾಯುತ್ತಿದ್ದ. ಯಾರೂ ಹೇಳದಿದ್ದರೆ ಮತ್ತೊಮ್ಮೆ ಬಡಿದು ಕೂಗಿ, ಆಮೇಲೆ ಬಂದು ಬಿಲ್ಲು ಹರಿಯುತ್ತಿದ್ದ. ಅವನು ಸತ್ತ ಮೇಲೆ ಸಲಾಕೆ ನಮ್ಮ ಆಫೀಸಿನ ಗೋಡೆಗೆ ಬಂತು, ನೆನಪಿಗೆಂದು.

ಗುತ್ತಿಗೆದಾರರು ಬಳಸುವ ಸಾಫ್ಟ್‌ವೇರ್ ಮಾಡುವ ಆಫೀಸು ನಮ್ಮದು. ಊರಿನ ಬಿಲ್ಲುಗಳೆಲ್ಲ ಈಗ ಅದರಲ್ಲೇ ಇವೆ, ಕಾಗದದವು ಉಳಿದಿಲ್ಲ. ಗೆದ್ದಲಿನ ಭಯ ಮುಗಿಯಿತು ಎಂದು ಜನ ಮೊದಮೊದಲು ನಮಗೆ ಪೇಢೆ ತಂದುಕೊಟ್ಟಿದ್ದರು. ನಾನು ಬಿ.ಎ. ಓದಿದವಳು. ಹಾಸ್ಟೆಲಿನ ಗ್ರಂಥಾಲಯದಲ್ಲಿ ಎರಡು ಕಪಾಟು ಪುಸ್ತಕಗಳಿದ್ದವು. ಮುಗಿಸಿ, ಬೇರೆ ಸಿಗದೆ ಮತ್ತೆ ಮೊದಲಿನಿಂದ ಓದಿದ್ದೆ. ಅದರಿಂದ ಆದ ಲಾಭವೆಂದರೆ ಒಂದು ವಾಕ್ಯವನ್ನು ನೆಟ್ಟಗೆ ಬರೆಯಲು ಬರುತ್ತದೆ. ನನಗೆ ಕೆಲಸ ಸಿಕ್ಕಿದ್ದೂ ಅದಕ್ಕೇ. ಆಫೀಸು ಬಿಲ್ಲಿನ ಕೆಲಸಕ್ಕೆಂದು, ಬರೆದುಕೊಟ್ಟದ್ದನ್ನು ಓದಿ ಕಂಪ್ಯೂಟರಿನಲ್ಲಿ ತಾನೇ ಕೆಲಸ ಮಾಡುವ ಎಐ ಏಜೆಂಟ್ ತರಿಸಿತ್ತು. ಅದಕ್ಕೆ ಒಂದೊಂದು ಕೆಲಸಕ್ಕೂ ಒಂದೊಂದು ಟೂಲ್ ಕೊಡುತ್ತಾರೆ. ಆ ಟೂಲನ್ನು ಯಾವಾಗ, ಹೇಗೆ ಬಳಸಬೇಕೆಂಬ ವಿವರಣೆಯನ್ನು ಕನ್ನಡದಲ್ಲಿ ಬರೆಯುವುದು ನನ್ನ ಕೆಲಸ. ಏಜೆಂಟ್ ಪ್ರತಿಸಲ ಕೈಹಾಕುವ ಮುನ್ನ ಆ ವಿವರಣೆಯನ್ನು ಹೊಸದಾಗಿ ಓದುತ್ತದೆ. ಬರೆದದ್ದನ್ನು ಮಾಡುತ್ತದೆ. ಬರೆಯದ್ದು ಅದಕ್ಕೆ ಗೊತ್ತಿರುವುದಿಲ್ಲ. ಮೊದಲ ವಾರದಲ್ಲೇ ಇವೆರಡನ್ನೂ ಕಲಿತಿದ್ದೆ. ಬಿಲ್ಲು ಅಳಿಸುವ ಟೂಲ್ ಬರುವ ಹೊತ್ತಿಗೆ ಎರಡನೆಯದನ್ನು ಮರೆತಿದ್ದೆ.

ಅಳಿಸುವ ಟೂಲ್ ಯಾಕೆ ಬೇಕಾಯಿತೆಂದರೆ, ಕಾಗದದ ಬಿಲ್ಲುಗಳನ್ನು ಕಂಪ್ಯೂಟರಿಗೆ ತುಂಬುವಾಗ ಹುಡುಗರು ಎಷ್ಟೋ ಬಿಲ್ಲುಗಳನ್ನು ಎರಡೆರಡು ಸಲ ತುಂಬಿಬಿಟ್ಟಿದ್ದರು. ಆ ನಕಲುಗಳನ್ನು ಹುಡುಕಿ ತೆಗೆಯಬೇಕಿತ್ತು. ನಕಲು ಹೋದರೆ ವಸ್ತುವಿಗೆ ಏನೂ ಆಗುವುದಿಲ್ಲ, ಅಸಲು ಇರುತ್ತದಲ್ಲ. ನಾನು ಬರೆದೆ: ಗುತ್ತಿಗೆದಾರ, ತಾರೀಕು, ಕೆಲಸ, ಮೊತ್ತ ನಾಲ್ಕೂ ಒಂದೇ ಇದ್ದರೆ ಎರಡನೆಯದು ನಕಲು, ಅಳಿಸು. ಅದರ ಕೆಳಗೆ, ಅಳಿಸುವ ಮುನ್ನ ಒಬ್ಬರು ಜಾಗಕ್ಕೆ ಹೋಗಿ ಬಡಿದು ಕೂಗಬೇಕು ಎಂದು ಚಮನಸಾಬನ ಪದ್ಧತಿಯನ್ನೂ ಬರೆದಿದ್ದೆ. ಮ್ಯಾನೇಜರ್ ಇಂದುಧರ ಸರ್ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು.

“ದಾಕ್ಷಾಯಣಿ, ಏಜೆಂಟಿಗೆ ಕೈ ಅದಾವೇನ್ರಿ?”

“ಇಲ್ರಿ ಸರ್. ಮನಷ್ಯಾರು ಹೋಗಿ ಬಡದು ಬಂದು ಹೇಳಬೇಕ್ರಿ. ಆಮ್ಯಾಲೆ ಅದು ಅಳಸಬೇಕು.”

“ಮನಷ್ಯಾರನ್ನ ಕಳಸೋದಾದ್ರ ಏಜೆಂಟ್ ಯಾಕ್ರಿ ಬೇಕು? ಚಮನಸಾಬನ್ನs ಎಬ್ಬಿಸಿಕೊಂಡು ಬರೋಣೇನು?” ಪಕ್ಕದಲ್ಲಿ ಕುಳಿತಿದ್ದ ಅಫ್ರೋಜ್ ನಕ್ಕ. ಅವನು ನಮ್ಮ ಪ್ರೋಗ್ರಾಮರ್. ಇಂದುಧರ ಸರ್ ಹೇಳಿದ್ದಕ್ಕೆಲ್ಲ ಮೊದಲು ನಕ್ಕು ಆಮೇಲೆ ಯೋಚಿಸುವವನು. “ಎಲ್ಲಾ ಸೈಟಿನ್ಯಾಗೂ ಹೆಬ್ಬೆಟ್ಟಿನ ಮಶೀನ್ ಐತಿ. ಬರೋರು ಹೋಗೋರು ಎಲ್ಲಾ ಒತ್ತತಾರ. ಹಾಜರಿ ಸೊನ್ನೆ ಇದ್ರ ಅಳಸು ಅಂತ ಬರೀರಿ. ಮುಗೀತು.”

ಬಡಿಯುವ ಸಾಲು ತೆಗೆದು ಹಾಗೆಯೇ ಬರೆದೆ. ಅವರ ಮಾತಿನ ಮೇಲೆ ಇನ್ನೊಂದು ಸಾಲನ್ನೂ ಸೇರಿಸಿದೆ: ಎರಡು ಸಾಲುಗಳು ಒಂದಕ್ಕೊಂದು ವಿರುದ್ಧವಾದರೆ ಮೊದಲು ಬರೆದ ಸಾಲನ್ನೇ ಪಾಲಿಸು. ಹಿಂದೆ ಬೇರೆ ಟೂಲಿನಲ್ಲಿ ಇಬ್ಬರು ಎರಡು ಥರ ಬರೆದು, ಏಜೆಂಟ್ ದಿನವಿಡೀ ಪ್ರಶ್ನೆ ಕೇಳುತ್ತಾ ಕುಳಿತಿತ್ತು. ಜೋಡಿ ಬಿಲ್ಲಿನ ಬಗ್ಗೆ ನಾನೂ ಬರೆಯಲಿಲ್ಲ, ಅವರೂ ಕೇಳಲಿಲ್ಲ. ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಟೂಲ್ ಚಾಲೂ ಆದ ದಿನ ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು. ಏಜೆಂಟ್ ಒಂದೊಂದೇ ನಕಲು ಅಳಿಸಿ, ಅಳಿಸಿದ್ದನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಎಲ್ಲಿಂದಲೂ ದೂರು ಬರಲಿಲ್ಲ. ಇಂದುಧರ ಸರ್ ಖುಷಿಯಾಗಿ, ಯಾರದೋ ಮಗಳ ಮದುವೆಯ ಊಟಕ್ಕೆ ಹೊರಟುಹೋದರು. ಊಟದ ಹೊತ್ತು ಹತ್ತಿರವಾಗುತ್ತಿದ್ದಾಗ ಫೋನ್ ಬಂತು. ಆಡಿನ ಸಂತೆಯ ವಾಚಮನ್.

“ಮೇಡಮ್ಮರ, ಕಾಂಪೌಂಡ್ ಹೋತ್ರಿ!”

“ಪೂರಾ ಹೋತೇನ್ರಿ?”

“ಅರ್ಧ ಹೋತ್ರಿ. ಈ ಕಡೆಯ ಅರ್ಧ ಐತಿ, ಆ ಕಡೆಯ ಅರ್ಧ ಇಲ್ಲ. ಆಡು ಎಲ್ಲಾ ಬಸ್‌ಸ್ಟ್ಯಾಂಡಿಗೆ ಹೊಂಟಾವ. ಯಾರ ಹಿಡೀಬೇಕ್ರಿ ಇವನ್ನ? ನೀವು ಬರ್ತೀರೇನು?”

ಅರ್ಧ ಎಂದದ್ದು ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟೆ. ಪರದೆಯ ಮೇಲೆ ಹುಡುಕಿದೆ. ಕಾಂಪೌಂಡಿನ ಬಿಲ್ಲುಗಳು ಎರಡು ಇದ್ದವು: ಒಬ್ಬನೇ ಗುತ್ತಿಗೆದಾರ, ಒಂದೇ ತಾರೀಕು, ಒಂದೇ ಕೆಲಸ, ಒಂದೇ ಮೊತ್ತ. ಎರಡನೆಯದು ನಕಲೆಂದು ಅಳಿಸಲಾಗಿತ್ತು. ಕಟ್ಟಿ ಮುಗಿದ ಜಾಗದಲ್ಲಿ ಹೆಬ್ಬೆಟ್ಟಿನ ಮಶೀನ್ ಇರುವುದಿಲ್ಲ, ಅಲ್ಲಿ ಹಾಜರಿ ಯಾವಾಗಲೂ ಸೊನ್ನೆ. ಅದು ನಕಲಲ್ಲ. ಜೋಡಿ. ಇನ್ನು ಅದನ್ನು ಮತ್ತೆ ಬರೆದು ಪ್ರಯೋಜನವಿಲ್ಲ. ನಮ್ಮೂರಿನಲ್ಲಿ ಹೋದದ್ದು ಹೊಸ ಬಿಲ್ಲಿಗೆ ವಾಪಸು ಬರುವುದಿಲ್ಲ, ಮತ್ತೆ ಕಟ್ಟಬೇಕು.

ಮುಂದೆ ಅಳಿಸಬೇಕಾದವುಗಳ ಸಾಲು ನೋಡಿದೆ. ಎಲ್ಲಕ್ಕಿಂತ ಮೇಲಿದ್ದದ್ದು ಹೊಸ ಹೆಣ್ಣುಮಕ್ಕಳ ಹಾಸ್ಟೆಲಿನ ಕಟ್ಟಡ. ಕೆಲಸ: ಕೆಳ ಅಂತಸ್ತಿನ ಕಂಬಗಳು. ಅದರ ಎದುರಿಗೆ ಏಜೆಂಟ್ ಬರೆದಿತ್ತು: “ಎರಡನೆಯ ಬಿಲ್ಲು ನಕಲು. ಸೈಟಿನ ಹಾಜರಿ ಈಗ ಹದಿನೇಳು. ಸೊನ್ನೆಯಾಗುವುದನ್ನು ಕಾಯುತ್ತಿದ್ದೇನೆ.”

ಆ ಸೈಟಿನಲ್ಲಿ ನನ್ನ ಅವ್ವ ಕೆಲಸ ಮಾಡುತ್ತಾಳೆ. ಗುರುಬಸವ್ವ ಎಂದರೆ ಊರಿನ ಗೌಂಡಿಗಳಿಗೆಲ್ಲ ಗೊತ್ತು. ಹೊಸ ಸ್ಲ್ಯಾಬಿಗೆ ನೀರು ಹೊಡೆಯುವುದು ಅವಳ ಕೆಲಸ. ಆ ವಾರ ಎರಡನೇ ಅಂತಸ್ತಿನ ಸ್ಲ್ಯಾಬ್ ಹಾಕಿದ್ದರು. ಅವಳು ದಿನವಿಡೀ ಅದರ ಮೇಲೆಯೇ ಇರುತ್ತಿದ್ದಳು.

“ಅಫ್ರೋಜ್, ನಿಲ್ಲಸು ಇದನ್ನ.”

“ನಿಲ್ಲಸೋದು ಸರ್ ಫೋನಿನ್ಯಾಗ ಐತಿ. ನನಗ ಕೊಟ್ಟಿಲ್ಲ.”

“ಕರೆಂಟ್ ತೆಗಿ.”

“ಅದು ಇಲ್ಲೆಲ್ಲೈತಿ? ಎಲ್ಲೋ ದೊಡ್ಡೂರಾಗ ನಡೀತೈತಿ. ಇಲ್ಲಿ ಕರೆಂಟ್ ತಗದ್ರ ನಮಗ ಕಾಣಸಂಗಿಲ್ಲ, ಅಷ್ಟs.” ಅವನು ನಗಲಿಲ್ಲ. ಇಂದುಧರ ಸರ್‌ಗೆ ಫೋನ್ ಹಚ್ಚಿದ. ಮದುವೆಯ ಬ್ಯಾಂಡಿನ ನಡುವೆ ಎಲ್ಲೋ ಅದು ರಿಂಗಾಗುತ್ತಲೇ ಇತ್ತು. ಮತ್ತೆ ಹಚ್ಚಿದ. ಆಮೇಲೆ ಬೈಕಿನ ಕೀಲಿ ತಗೊಂಡು, “ನಾ ಸೈಟಿಗೆ ಹೋಗ್ತೇನಿ” ಎಂದು ಓಡಿದ.

ಪರದೆಯ ಮೇಲೆ ಹಾಜರಿ ಹದಿನಾಲ್ಕಾಯಿತು. ಊಟದ ಒಂದು ತಾಸನ್ನು ಗುತ್ತಿಗೆದಾರ ಕೂಲಿಯಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಎಲ್ಲರೂ ಊಟಕ್ಕೆ ಹೋಗುವಾಗ ಹೆಬ್ಬೆಟ್ಟು ಒತ್ತಿ ಹೋಗಬೇಕು. ಆದರೆ ಹೋಗುವವರು ಎಲ್ಲಿಗೂ ಹೋಗುವುದಿಲ್ಲ. ಬಿಸಿಲಲ್ಲಿ ಎಲ್ಲಿಗೆ ಹೋಗುತ್ತಾರೆ? ಕಟ್ಟಡದ ಕೆಳ ಅಂತಸ್ತಿನಲ್ಲಿ, ಕಂಬಗಳ ನಡುವಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಉಂಡು ಅಲ್ಲೇ ಅಡ್ಡಾಗುತ್ತಾರೆ. ಇದನ್ನೂ ನಾನು ಬರೆದಿರಲಿಲ್ಲ.

ಸೂಪರ್‌ವೈಸರ್ ಯಮನೂರಪ್ಪನಿಗೆ ಫೋನ್ ಮಾಡಿದೆ. ಅವನು ಊರಿನ ಇನ್ನೊಂದು ತುದಿಯ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದ.

“ಯಮನೂರಪ್ಪಣ್ಣ, ಸೈಟಿನ ಮಂದಿನ್ನ ಹೊರಗ ಹಾಕ್ಸರಿ. ಕಂಬದ ಬಿಲ್ಲು ಹೊಂಟೈತಿ.”

“ಎಲ್ಲಿಗಿ ಹೊಂಟೈತಿ?”

“ಅಳಸಾಕತ್ತೈತ್ರಿ, ಏಜೆಂಟ್!”

ಅವನು ಅಗಿಯುವುದನ್ನು ನಿಲ್ಲಿಸಿದ. “ಏ ತಂಗಿ, ಹಾಜರಿ ಸೊನ್ನೆ ಆಗೋತನ ಅದು ಮುಟ್ಟಂಗಿಲ್ಲ ಅಂತ ನಿಮ್ಮ ಇಂದುಧರ ಸರs ಹೇಳ್ಯಾರಲ್ಲ.”

“ಹೌದ್ರಿ. ನಮ್ಮವ್ವ ಊಟಕ್ಕ ಇಳದು ಹೆಬ್ಬೆಟ್ಟು ಒತ್ತೋತನ ಟೈಮ್ ಐತಿ. ಅಷ್ಟರಾಗ ನೀವು…”

“ನಿಮ್ಮವ್ವಂದು ಎಲ್ಲಿ ಹತ್ತತೈತಿ ಹೆಬ್ಬೆಟ್ಟು?” ಎಂದ. “ಸಿಮೆಂಟ್ ತಿಂದು ಬೆರಳೆಲ್ಲಾ ನುಣ್ಣಗಾಗ್ಯಾವ. ಮಶೀನ್ ಹಿಡಿಯಂಗಿಲ್ಲ. ಅಕೀದು ನಾ ಬಾಯಿಲೆಕ್ಕದಾಗ ಕೂಲಿ ಕೊಡ್ತೇನಿ. ಹಾಜರಿನ್ಯಾಗ ಅಕಿ ಇಲ್ಲ.”

“ಅಂದ್ರ ಹದಿನಾಲ್ಕರಾಗ ಅವ್ವ ಇಲ್ಲ?”

“ಇಲ್ಲವಾ. ಮಧ್ಯಾನ್ಹ ಬಿಸಲಿಗೆ ಸ್ಲ್ಯಾಬ್ ಲಗೂ ಒಣಗತೈತಂತ ಅಕಿ ಆ ಹೊತ್ತಿನ್ಯಾಗ ಮ್ಯಾಲಿಂದ ಇಳಿಯಂಗs ಇಲ್ಲ. ಎಲ್ಲಾರೂ ಉಂಡ ಮ್ಯಾಲೆ ಉಣತಾಳ.” ಆಮೇಲೆ ಅವನಿಗೇ ಅರ್ಥವಾಯಿತು. ಸ್ಟೂಲು ಉರುಳಿದ ಸಪ್ಪಳ ಕೇಳಿಸಿತು. “ನಾ ಬರ್ತೇನಿ. ಆದ್ರ ರೈಲ್ವೆ ಗೇಟ್ ಹಾಕ್ಯಾರ ತಂಗಿ, ಗೇಟ್ ಹಾಕ್ಯಾರ.”

ಅದೇ ಗೇಟಿನಲ್ಲಿ ಅಫ್ರೋಜ್ ಕೂಡ ನಿಂತಿರಬೇಕು. ಅವ್ವನ ಫೋನಿಗೆ ಮಾಡಿದೆ. ಅದನ್ನು ಒಮ್ಮೆ ನೀರಿನ ಡ್ರಮ್ಮಿಗೆ ಬೀಳಿಸಿದ ಮೇಲೆ ಅವಳು ಬುತ್ತಿಚೀಲದಲ್ಲಿಟ್ಟು, ಚೀಲವನ್ನು ವಾಚಮನ್ ಗುಡಿಸಲಿಗೆ ನೇತುಹಾಕುತ್ತಾಳೆ. ಎತ್ತಲಿಲ್ಲ. ಹಾಜರಿ ಒಂಬತ್ತಾಯಿತು.

ನನ್ನ ಕೈಯಲ್ಲಿ ಇದ್ದದ್ದು ಒಂದೇ. ವಿವರಣೆಯನ್ನು ತಿದ್ದುವ ಅಧಿಕಾರ. ಏಜೆಂಟ್ ಅಳಿಸುವ ಮುನ್ನ ಅದನ್ನು ಮತ್ತೆ ಓದುತ್ತದೆ.

ಅದನ್ನು ತೆರೆದು, ಕೊನೆಯಲ್ಲಿ ಟೈಪ್ ಹೊಡೆದೆ: ಹಾಸ್ಟೆಲಿನ ಕಂಬಗಳ ಬಿಲ್ಲು ಅಳಿಸಬೇಡ.

ಏಜೆಂಟ್ ತಕ್ಷಣ ಉತ್ತರಿಸಿತು: “ಹೊಸ ಸಾಲು ಒಂದನೇ ಸಾಲಿಗೆ ವಿರುದ್ಧವಾಗಿದೆ. ವಿವರಣೆಯಲ್ಲಿ ಹೇಳಿರುವಂತೆ ಮೊದಲು ಬರೆದ ಸಾಲನ್ನು ಪಾಲಿಸುತ್ತೇನೆ.”

ಮೊದಲಿನ ಸಾಲುಗಳನ್ನು ಅಳಿಸಲು ನೋಡಿದೆ. ಒಪ್ಪಿಗೆಯಾದ ಸಾಲನ್ನು ತೆಗೆಯಬೇಕಾದರೆ ಮ್ಯಾನೇಜರರ ಪಾಸ್‌ವರ್ಡ್ ಬೇಕಂತೆ. ಸೇರಿಸಬಹುದು, ತೆಗೆಯುವಂತಿಲ್ಲ. ಹಾಜರಿ ಆರು.

ಜೋಡಿ ಬಿಲ್ಲಿನ ವಿಷಯ ಬರೆದೆ. ನಮ್ಮೂರಿನಲ್ಲಿ ಒಂದು ಕೆಲಸವನ್ನು ಎರಡು ಪಾಲು ಮಾಡುತ್ತಾರೆ, ಎರಡೂ ಬಿಲ್ಲು ಒಂದೇ ಥರ ಇದ್ದರೂ ಒಂದು ಮೂಡಣ ಕಂಬಗಳದು, ಇನ್ನೊಂದು ಪಡುವಣ ಕಂಬಗಳದು ಎಂದೆ.

“ಎರಡೂ ಬಿಲ್ಲುಗಳನ್ನು ನೋಡಿದೆ. ಯಾವುದರಲ್ಲೂ ದಿಕ್ಕು ಬರೆದಿಲ್ಲ. ನಾಲ್ಕೂ ವಿವರಗಳು ಒಂದೇ ಆಗಿವೆ. ಒಂದನೇ ಸಾಲಿನ ಪ್ರಕಾರ ಇದು ನಕಲು.”

ಅದು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹಟವೂ ಅಲ್ಲ. ನಾನೇ ಬರೆದ ವಾಕ್ಯವನ್ನು ನನಗೇ ಓದಿ ಹೇಳುತ್ತಿತ್ತು. ಹಾಜರಿ ನಾಲ್ಕು. ಸೈಟಿನಲ್ಲಿ ಮಶೀನಿನ ಮುಂದೆ ಯಾರು ಯಾರು ನಿಂತಿರಬಹುದೆಂದು ಕಣ್ಣಿಗೆ ಕಟ್ಟಿತು: ಬುತ್ತಿ ಕಂಕುಳಲ್ಲಿ, ಇನ್ನೊಂದು ಕೈಯನ್ನು ಸೀರೆಗೋ ಲುಂಗಿಗೋ ಒರೆಸಿಕೊಂಡು ಒತ್ತುವುದು, ಮಶೀನ್ ಕುಂಯ್ ಎನ್ನುವುದು, ನೆರಳಿಗೆ ಸರಿಯುವುದು. ಮೇಲೆ ಅವ್ವ ಪೈಪು ಹಿಡಿದು ನಿಂತಿರುತ್ತಾಳೆ. ಮೂರು.

ವಿರುದ್ಧ ಬರೆದರೆ ಅದು ಕೇಳುವುದಿಲ್ಲ. ನಕಲಲ್ಲ ಎಂದರೂ ಕೇಳುವುದಿಲ್ಲ. ಆದರೆ ಅದು ಕಾಯುತ್ತಿರುವುದು ಸೊನ್ನೆಗೆ. ಸೊನ್ನೆ ಎಂದರೇನು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಮಶೀನಿನ ಸೊನ್ನೆಯೇ ಸೊನ್ನೆ ಎಂದು ಅದು ತಾನಾಗಿ ತಿಳಿದುಕೊಂಡಿತ್ತು.

ಗೋಡೆಯ ಮೇಲಿನ ಸಲಾಕೆ ಕಾಣುತ್ತಿತ್ತು. ಇಂದುಧರ ಸರ್ ತೆಗೆಸಿದ್ದ ಸಾಲನ್ನೇ ಬೇರೆ ಮಾತಿನಲ್ಲಿ ಟೈಪ್ ಹೊಡೆದೆ. ‘ಹಾಜರಿ ಸೊನ್ನೆ ಎಂಬುದರ ಅರ್ಥ: ಒಬ್ಬ ಮನುಷ್ಯ ಆ ಜಾಗಕ್ಕೆ ಹೋಗಿ, ಬಡಿದು, ಯಾರಾದರೂ ಇದ್ದೀರಾ ಎಂದು ಕೂಗಿ, ಯಾರೂ ಉತ್ತರಿಸಲಿಲ್ಲ ಎಂದು ಬಂದು ಹೇಳಿರಬೇಕು. ಹೆಬ್ಬೆಟ್ಟಿನ ಮಶೀನ್ ಹೇಳುವ ಸೊನ್ನೆ ಹಾಜರಿಯ ಸೊನ್ನೆ ಅಲ್ಲ.’

ಎರಡು. ಒಂದು. ಆ ಒಂದು ಬಹಳ ಹೊತ್ತು ಹಾಗೆಯೇ ನಿಂತಿತು. ಕೈ ತೊಳೆಯಲು ಹೋದ ಯಾವನೋ ಪುಣ್ಯಾತ್ಮ ಇರಬೇಕು. ಆಮೇಲೆ ಅದೂ ಸೊನ್ನೆಯಾಯಿತು.

ಪರದೆಯ ಮೇಲೆ ಏನೂ ಬರಲಿಲ್ಲ. ನಾನು ಗೋಡೆಗೆ ಒರಗಲು ಹೋಗಿ, ಮುಟ್ಟಿ ನೋಡದೆಯೇ ಒರಗಿದ್ದೆ.

“ಹೊಸ ಸಾಲು ಯಾವ ಸಾಲಿಗೂ ವಿರುದ್ಧವಾಗಿಲ್ಲ. ಎರಡನೇ ಸಾಲನ್ನು ಸ್ಪಷ್ಟಪಡಿಸುತ್ತದೆ. ಪಾಲಿಸುತ್ತೇನೆ. ಹೋಗಿ ಬಡಿಯುವವರು ಯಾರು?”

ನನ್ನ ಹೆಸರು ಹೊಡೆದೆ.

“ದಾಕ್ಷಾಯಣಿಯವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.”

ಸಲಾಕೆಯನ್ನು ಮೊಳೆಯಿಂದ ಕಿತ್ತುಕೊಂಡು ಆಟೋ ಹತ್ತಿದೆ. ಗೇಟು ಆಗತಾನೇ ತೆರೆದಿತ್ತು. ಅಫ್ರೋಜನ ಬೈಕು ಗೇಟಿನ ಆಚೆ ಬಂದ್ ಬಿದ್ದಿತ್ತು, ಅವನು ಒದೆಯುತ್ತಲೇ ಇದ್ದ. ನನ್ನನ್ನು ನೋಡಿ ಆಟೋಕ್ಕೆ ಹಾರಿ ಕುಳಿತ. “ಏನಾತು?” ಎಂದ. “ಕಾಯಾಕತ್ತೈತಿ” ಎಂದೆ. “ಎಷ್ಟೊತ್ತು ಕಾಯತೈತಿ?” ಅದನ್ನು ನಾನು ಬರೆದಿರಲಿಲ್ಲ.

ಕಟ್ಟಡ ನಿಂತಿತ್ತು. ಕೆಳಗೆ ಎಲ್ಲರೂ ವರ್ತುಲವಾಗಿ ಕೂತು ಉಣ್ಣುತ್ತಿದ್ದರು. ನಾನು ಪಡುವಣ ದಿಕ್ಕಿನ ಕಂಬಕ್ಕೆ ಸಲಾಕೆಯಿಂದ ಬಡಿದೆ. ಎಂದೂ ಬಡಿದವಳಲ್ಲ, ಮೊದಲ ಹೊಡೆತಕ್ಕೆ ಮೊಣಕೈ ತನಕ ಜುಮ್ಮೆಂದಿತು. “ಯಾರರ ಅದೀರೇನ್ರೀ?”

ಬಾಯಲ್ಲಿ ತುತ್ತಿದ್ದವರು ತುತ್ತಿನ ಸಮೇತ “ಅದೀವ್ರಿ” ಎಂದರು. ಚಿಕ್ಕಂದಿನಿಂದ ಅಭ್ಯಾಸ, ಯಾಕೆಂದು ಕೇಳದೆ ಬುತ್ತಿ ಎತ್ತಿಕೊಂಡು ಬಿಸಿಲಿಗೆ ಹೊರಟರು. ಮೇಲಿನಿಂದ ಏನೂ ಕೇಳಿಸಲಿಲ್ಲ. ನೀರು ಬೀಳುವ ಸಪ್ಪಳ ಇತ್ತು. ಇನ್ನೊಮ್ಮೆ ಬಡಿದೆ, ಗಂಟಲು ಹರಿಯುವಂತೆ ಕೂಗಿದೆ.

“ಅದೀನಿ!” ಎಂದು ಅವ್ವ ಮೇಲಿನಿಂದ ಬಗ್ಗಿದಳು. “ಯಾವಾಕಿ ಅಕಿ, ಊಟದ ಹೊತ್ತಿನ್ಯಾಗ? …ನೀನs ಏನ? ಆ ಸಲಾಕಿ ಯಾಕ ತಂದೀ?”

“ಇಳದು ಬಾ.”

“ಪೈಪ್ ಈಗ ಹಚ್ಚೇನಿ. ಇಳದ್ರ ಸ್ಲ್ಯಾಬ್ ಸೀಳತೈತಿ. ನಿನ್ನ ಇಂದುಧರಪ್ಪ ಬಂದು ಹೊಡೀತಾನೇನು ನೀರು?”

“ಇಳದು ಬಾ ಅಂದೆ.”

ಬೈಯುತ್ತಲೇ ಇಳಿದಳು. ಕೊನೆಯ ಮೆಟ್ಟಿಲು ಇಳಿದು ಅವಳು ಅಂಗಳಕ್ಕೆ ಬರುವ ತನಕ ನಾನು ಆ ಕಂಬದ ಮೇಲಿನ ಕೈ ತೆಗೆಯಲಿಲ್ಲ. ಹಿಡಿದರೆ ನಿಲ್ಲುತ್ತದೆಯೇ? ಇಲ್ಲ. ಆದರೂ ತೆಗೆಯಲಿಲ್ಲ. ಆಮೇಲೆ ಫೋನಿನಲ್ಲಿ ಏಜೆಂಟಿಗೆ ಬರೆದೆ: ಬಡಿದೆ, ಜನ ಇದ್ದಾರೆ. ಬಿಲ್ಲನ್ನು ಇಟ್ಟುಕೊಂಡಿದ್ದೇನೆ ಎಂದು ಉತ್ತರ ಬಂತು.

ಇಂದುಧರ ಸರ್ ಸಂಜೆ ಬಂದವರು ಮೊದಲು ಹೇಳಿದ್ದು, “ನನ್ನ ಕೇಳದs ದಾಖಲೆ ತಿದ್ದೀರಿ” ಎಂದು. ಕೇಳಲು ಫೋನ್ ಮಾಡಿದ್ದೆವು ಎಂದ ಅಫ್ರೋಜ್. ಅವರು ಜೇಬಿನಿಂದ ಫೋನ್ ತೆಗೆದು ನೋಡಿ, ಮತ್ತೆ ಒಳಗಿಟ್ಟರು. ಆಡಿನ ಸಂತೆಯ ಕಾಂಪೌಂಡನ್ನು ಆಫೀಸೇ ಕಟ್ಟಿಸಿಕೊಡಬೇಕಾಯಿತು. ಹಾಸ್ಟೆಲಿನ ವಿಷಯ ಬಂದಾಗ, ಸೈಟಿನ ಮೇಲೆ ಹಾಜರಿ ಇಲ್ಲದವರು ಇದ್ದದ್ದೇ ತಪ್ಪು ಎಂದರು. ಮರುದಿನ ಯಮನೂರಪ್ಪ ಅವ್ವನಿಗೆ, “ಯಕ್ಕಾ, ಹೆಬ್ಬೆಟ್ಟು ಹತ್ತದವರು ಸೈಟಿಗೆ ಬರಂಗಿಲ್ಲ ಅಂತ ಆರ್ಡರ್ ಆಗೇತಿ. ನಾ ಏನ ಮಾಡ್ಲಿ?” ಎಂದು ಮುಖ ತಿರುಗಿಸಿ ನಿಂತನಂತೆ. ಅವ್ವ ಮನೆಗೆ ಬಂದು, ಪೈಪನ್ನು ಈಗ ಯಾರಿಗೆ ಕೊಟ್ಟಿರಬಹುದು, ಅವರಿಗೆ ಮೂಲೆಗಳಿಗೆ ನೀರು ಹೊಡೆಯುವುದು ಗೊತ್ತೋ ಇಲ್ಲವೋ ಎಂದು ಮಾತಾಡಿದಳು. ನಿನ್ನ ದೆಸೆಯಿಂದ ಬದುಕಿದೆ ಎಂದೂ ಹೇಳಲಿಲ್ಲ, ನಿನ್ನ ದೆಸೆಯಿಂದ ಕೆಲಸ ಹೋಯಿತು ಎಂದೂ ಹೇಳಲಿಲ್ಲ. ಎರಡೂ ನಿಜವಾಗಿದ್ದವು.

ಏಜೆಂಟ್ ಮಾತ್ರ ಕಾಯುತ್ತಲೇ ಇತ್ತು. ಈಗ ಪ್ರತಿಯೊಂದು ನಕಲಿಗೂ ‘ದಾಕ್ಷಾಯಣಿಯವರ ಉತ್ತರಕ್ಕಾಗಿ’ ಎಂದು ಬರೆದು, ಸಾಲು ಬೆಳೆಸುತ್ತಾ ಹೋಯಿತು. ಇಂದುಧರ ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಇವನ್ನೆಲ್ಲಾ ಕುಂತಲ್ಲೇ ‘ಬಡದೆ’ ಅಂತ ಹೊಡದು ಬಿಡ್ರಿ ದಾಕ್ಷಾಯಣಿ.”

“ನನ್ನ ಹೆಸರು ತಗದು ನಿಮ್ಮ ಹೆಸರು ಹಾಕತೇನ್ರಿ ಸರ್. ನೀವs ಹೊಡೀರಿ.”

ಕೀಬೋರ್ಡನ್ನು ಅವರ ಕಡೆಗೆ ಸರಿಸಿದೆ. ಅವರು ಅದನ್ನು ನೋಡಿದರು. ಕೈ ಜೇಬಿನಿಂದ ಹೊರಗೆ ಬರಲಿಲ್ಲ. “ಬಡಿಯೋ ಮಂದಿ ಎಷ್ಟಕ್ಕ ಸಿಗತಾರ?” ಎಂದು ಕೇಳಿದರು. ನೀರು ಹೊಡೆಯುವವರ ಕೂಲಿಗೇ ಸಿಗುತ್ತಾರೆ ಎಂದೆ. ಯಾರು ಎಂದು ಅವರು ಕೇಳುವ ಅಗತ್ಯವಿರಲಿಲ್ಲ.

“ಅವರ ಹೆಬ್ಬೆಟ್ಟು ಹತ್ತಂಗಿಲ್ಲ” ಎಂದರು. “ವರದಿಗೆ ಹೆಬ್ಬೆಟ್ಟು ಬೇಕಲ್ಲ?”

“ಬ್ಯಾಡ ಅಂತ ಬರೆದ್ರ ಬ್ಯಾಡ್ರಿ.”

ಅವರು ಪಾಸ್‌ವರ್ಡ್ ಹಾಕಿಕೊಟ್ಟರು. ಜೋಡಿ ಬಿಲ್ಲಿನ ಮಾತನ್ನು ಎಲ್ಲಕ್ಕಿಂತ ಮೇಲೆ ಬರೆದೆ: ಎರಡು ಬಿಲ್ಲು ಒಂದೇ ಥರ ಇದ್ದರೆ ಅವು ಜೋಡಿಯೋ ನಕಲೋ ಎಂದು ಬಡಿಯಲು ಹೋದವರು ಜಾಗದಲ್ಲೇ ನೋಡಿ ಹೇಳಬೇಕು. ಕೊನೆಯಲ್ಲಿ: ಬಡಿದು ಬಂದವರ ಮಾತು ಸಾಕು. ಹೆಬ್ಬೆಟ್ಟು ಕೇಳಬೇಡ.

ಅವ್ವನಿಗೆ ಹೇಳಿದಾಗ ಅವಳು ಮೊದಲು ಕೂಲಿ ಕೇಳಿದಳು, ಆಮೇಲೆ ಸಲಾಕೆ ಎಷ್ಟು ಭಾರವಿದೆ ಎಂದು ಕೇಳಿದಳು. “ಊರೆಲ್ಲಾ ಅಡ್ಡಾಡಬೇಕು. ಚಪ್ಪಲಿ ಕೊಡಸ್ರಿ ಅನ್ನು ನಿಮ್ಮ ಸಾಹೇಬಗ” ಎಂದಳು. ಚಪ್ಪಲಿ ಕೊಡಿಸಿದರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಏಜೆಂಟ್ ಇನ್ನೊಂದು ನಕಲು ತೋರಿಸಿತು: ನಮ್ಮ ಆಫೀಸಿನದೇ ಮಾಳಿಗೆ. ಎರಡು ಬಿಲ್ಲು, ಎರಡೂ ಒಂದೇ ಥರ. ಜೋಡಿಯೋ, ಹುಡುಗರು ಎರಡು ಸಲ ತುಂಬಿದ್ದೋ ಹಳೇ ಕಾಗದ ನೋಡಿದ್ದವರು ಯಾರೂ ಉಳಿದಿರಲಿಲ್ಲ. ಅವ್ವ ಬಂದಳು. ಹೊಸ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಒಳಗಿನ ಕಂಬಕ್ಕೆ ಬಡಿದಳು. “ಯಾರರ ಅದೀರೇನ್ರೀ?”

“ಅದೀನಿ” ಎಂದ ಅಫ್ರೋಜ್. ನಾನೂ ಅಂದೆ. ಚಹಾ ಕೊಡಲು ಬಂದವನೂ ಅಂದ. ಇಂದುಧರ ಸರ್ ತಮ್ಮ ಗಾಜಿನ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವ್ವನನ್ನು ನೋಡಿ ಕೈ ಎತ್ತಿದರು, ಇದ್ದೇನೆ ಎಂಬಂತೆ.

ಅವ್ವ ಇನ್ನೊಮ್ಮೆ ಬಡಿದಳು. “ಕೈ ಮಾಡಿದ್ರ ನಡಿಯಂಗಿಲ್ರಿ. ಬಾಯಿ ಬಿಟ್ಟು ಹೇಳಬೇಕು.”

ಅವರು ಫೋನನ್ನು ಕಿವಿಯಿಂದ ತೆಗೆದರು. ಒಮ್ಮೆ ತಲೆ ಎತ್ತಿ ಮಾಳಿಗೆಯನ್ನು ನೋಡಿದರು. ಆಮೇಲೆ, ರಸ್ತೆಯಲ್ಲಿ ಬಾಳೆಹಣ್ಣು ಮಾರುವವಳು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದರು: “ಅದೀನ್ರೀ!”